ಕೊರಳಿಗೆ ಬಂದ ಹೂವು

ನಡುವಿನ ಕುರ್ಚಿಯಲ್ಲಿ ಕೂತಿರುವ ನಮ್ಮ ಮೀನು ಮಾರುವ ಹೆಂಗಸರ ಸಂಘದ ಅಧ್ಯಕ್ಷೆ ಚೌಡಮ್ಮನವರೇ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡಿರುವ ಮುಖ್ಯ ಅತಿಥಿ ನಿತ್ಯಾನಂದ ಸರ್ ಅವರೇ, ಮುಂದಿನ ಸಾಲಿನಲ್ಲಿರುವ ನನ್ನ ಅತ್ತೆ ಕಮಲಿಯವರೇ, ಒಂದು ದಿನದ ವ್ಯಾಪಾರ ಬಿಟ್ಟು ಹೊನ್ನಾವರದ ಈ ಸಭಾಭವನಕ್ಕೆ ಬಂದಿರುವ ಕುಮಟೆಯ, ಭಟ್ಕಳದ, ಇದೇ ಊರಿನ ಸಭಿಕರೇ,

ಕಾರ್ಯದರ್ಶಿ ಸುಶ್ಮಿತಾ ಎರಡು ಮಾತು ಆಡುತ್ತಾಳೆ ಎಂದು ಈಗಷ್ಟೇ ಹೇಳಿದರು. ಎರಡು ಮಾತಿನಲ್ಲಿ ನಾನು ಯಾವತ್ತು ಮುಗಿಸಿದ್ದೇನೆ? ಮೈಕು ಕೊಟ್ಟವರು ಅನುಭವಿಸಬೇಕು.

ನಮ್ಮ ಮೀನು ಮಾರುಕಟ್ಟೆಯ ತಲೆಯ ಮೇಲೆ ಮಾಡು ಹೊದೆಸಿದ ಹೋರಾಟಕ್ಕಾಗಿ ನನಗೆ ಈ ಸನ್ಮಾನ ಎಂದು ಆಮಂತ್ರಣದಲ್ಲಿ ಹಾಕಿದ್ದೀರಿ. ವಾಸನೆ ಬರುತ್ತದೆ, ಇವರನ್ನು ಊರಾಚೆ ಕಳಿಸಿ ಎಂದವರಿದ್ದರು. ತಟ್ಟೆಯಲ್ಲಿ ಬಂದಾಗ ಇಲ್ಲದ ವಾಸನೆ ಬುಟ್ಟಿಯಲ್ಲಿದ್ದಾಗ ಎಲ್ಲಿಂದ ಬರುತ್ತದೆ? ನಾವು ಬಿಸಿಲಲ್ಲೇ ಕೂತೆವು, ಬೈದರೂ ಕೂತೆವು, ಪೊಲೀಸು ಬಂದರೂ ಕೂತೆವು. ಕೂತಿದ್ದು ನಾವೆಲ್ಲ. ಶಾಲು ಮಾತ್ರ ನನಗೊಬ್ಬಳಿಗೆ. ಅದೂ ಮಾಡು ಬಂದು ಒಂದು ಮಳೆಗಾಲ ಕಳೆದ ಮೇಲೆ. ಸನ್ಮಾನ ಇವತ್ತೇ ಏಕೆ? ಈ ಪ್ರಶ್ನೆಗೆ ನಾನೇ ಬರುತ್ತೇನೆ. ಮೊದಲು ಆಸ್ಪತ್ರೆಯ ಮಾತು, ನಿತ್ಯಾನಂದ ಸರ್ ಅದನ್ನೇ ಆಡು ಎಂದಿದ್ದಾರೆ.

ಐದನೇ ತಿಂಗಳಲ್ಲಿ ಕುಮಟೆಯಲ್ಲಿ ನನ್ನ ಸ್ಕ್ಯಾನ್ ಆಯಿತು. ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಿದ್ದ ಡಾಕ್ಟರಮ್ಮ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದರು. ಜಿಲ್ಲೆಯಾಚೆ, ದಕ್ಷಿಣಕ್ಕಿರುವ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ತಿಳಿಸಿ ಹೇಳಿದರು. ಮಗುವಿನ ಹೃದಯದಿಂದ ಹೊರಡುವ ಎರಡು ದೊಡ್ಡ ನಾಳಗಳು ಅದಲುಬದಲಾಗಿ ಕೂತಿವೆ. ಹೊಟ್ಟೆಯೊಳಗೆ ಇರುವಷ್ಟು ದಿನ ಅದಕ್ಕೆ ಕಷ್ಟವಿಲ್ಲ, ನನ್ನ ಉಸಿರೇ ಅದರ ಉಸಿರು. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಕಷ್ಟ. ಆಪರೇಷನ್ ಇದೆ, ಬದುಕುವ ಮಕ್ಕಳೇ ಹೆಚ್ಚು, ಖಾತ್ರಿ ಮಾತ್ರ ಕೊಡುವುದಿಲ್ಲ. ಆದರೆ ಆಪರೇಷನ್ ಮಾಡುವ ಜಾಗದಲ್ಲೇ ಅದು ಹುಟ್ಟಬೇಕು.

ಅಂಥ ಜಾಗ ನಮ್ಮಲ್ಲಿ ಎಲ್ಲಿದೆ? ಹಿಡಿದ ಮೀನು ಕೆಡಬಾರದೆಂದು ಮಂಜುಗಡ್ಡೆ ಇದೆ, ಲಾರಿ ಇದೆ. ಬೆಳಗಾಗುವುದರೊಳಗೆ ನಮ್ಮ ಇಸ್ವಾಣ ಮೀನು ಗೋವೆ ಮುಟ್ಟುತ್ತದೆ. ನಮ್ಮ ಕೂಸು ಎಲ್ಲಿಗೆ ಮುಟ್ಟಬೇಕು? ನೋವು ಬಂದವಳು ತಾಲೂಕು ದಾಟಿ, ಜಿಲ್ಲೆ ದಾಟಿ ಓಡಬೇಕೇ? ಓಟು ಕೇಳಲು ಬರುವವರಿಗೆ ನಮ್ಮ ಕೇರಿ ಹತ್ತಿರ, ಹೆರಲು ಹೋಗುವ ನಮಗೆ ಆಸ್ಪತ್ರೆ ದೂರ. ಇದು ಯಾವ ಲೆಕ್ಕ?

ಚಪ್ಪಾಳೆ ಬೇಡ, ಮುಗಿದಿಲ್ಲ.

ಮುಂದಿನ ಮೆರವಣಿಗೆಯ ಬ್ಯಾನರಿಗೆ ನನ್ನ ಫೋಟೋ ಹಾಕುವ ವಿಚಾರ ಇದೆಯಂತೆ. ಬೆಳಿಗ್ಗೆ ನಿತ್ಯಾನಂದ ಸರ್ ಹೇಳಿದರು, ಹೋರಾಟಕ್ಕೆ ನಿನಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ ಎಂದು. ಸರ್, ಘೋಷಣೆ ಕೂಗಲು ನನಗೆ ಕಲಿಸಿದವರು ನೀವು, ಅದಕ್ಕೇ ಎದುರೇ ಹೇಳುತ್ತೇನೆ. ನನ್ನ ಮಗು ಉದಾಹರಣೆಯಾಗಲು ಹುಟ್ಟುತ್ತಿಲ್ಲ. ಆಸ್ಪತ್ರೆ ಕೇಳೋಣ, ರಸ್ತೆಗೆ ಇಳಿಯೋಣ. ಬ್ಯಾನರು ಕಟ್ಟುವವರು ಇಷ್ಟು ಜನ ಇದ್ದೀರಿ. ಸ್ಕ್ಯಾನ್ ಆದ ಮೇಲೆ ನನ್ನ ಮನೆಗೆ ಬಂದು ಒಂದು ಚಾ ಕುಡಿದವರು ಎಷ್ಟು ಜನ?

ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬಂತು, ಹೇಳಿಬಿಡುತ್ತೇನೆ.

ನಮ್ಮ ಮಾರುಕಟ್ಟೆಗೆ ಒಂದು ಪದ್ಧತಿ ಇದೆ. ನಿತ್ಯಾನಂದ ಸರ್‌ಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಯಾರಾದರೂ ಬಸುರಿಯಾದರೆ ದಿನಕ್ಕೊಬ್ಬರಂತೆ ಬಯಕೆಯ ಡಬ್ಬಿ ತರುತ್ತಾರೆ. ಒಬ್ಬಳು ನೊಗಲಿ ಮೀನು ಹುರಿದು ತಂದರೆ ಇನ್ನೊಬ್ಬಳು ಚಿಪ್ಪಿನಿಂದ ಬಿಡಿಸಿದ ಬೆಳಚಿನ ಸುಕ್ಕ. ಬಸುರಿ ಉಂಡ ಮೇಲೇ ಉಳಿದವರ ಊಟ. ಏಳನೇ ತಿಂಗಳಲ್ಲಿ ಎಲ್ಲರೂ ಸೇರಿ ಅವಳ ತಲೆಗೆ ಹೂವು ಮುಡಿಸುತ್ತಾರೆ, ಅದೇ ಬಯಕೆ ಹಾಕುವುದು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ಹಿಂದೂ ಬುಟ್ಟಿ ಸಾಬರ ಬುಟ್ಟಿ ಎಂದು ನೋಡಿದ್ದಿಲ್ಲ.

ನನಗೂ ಡಬ್ಬಿ ಬರುತ್ತಿತ್ತು. ಸ್ಕ್ಯಾನ್ ಆದ ಮರುವಾರ ನಿಂತಿತು. ಪಕ್ಕದಲ್ಲಿ ಕೂರುವ ಅರ್ಚನಾಳೂ ನನ್ನ ಜತೆಯ ಬಸುರಿ. ಅವಳಿಗೆ ಬರುವುದು ನಿಲ್ಲಲಿಲ್ಲ. ನನ್ನ ಮುಂದೆಯೇ ಡಬ್ಬಿಯನ್ನು ಸೆರಗಿನಡಿ ಮುಚ್ಚಿಕೊಂಡು ದಾಟುತ್ತಿದ್ದಿರಿ. ಹುಟ್ಟಿದಾಗಿನಿಂದ ಮೀನಿನ ನಡುವೆ ಬೆಳೆದ ಹೆಂಗಸರು ನೀವು, ಹುರಿದ ನೊಗಲಿಯ ವಾಸನೆ ಸೆರಗಿನಲ್ಲಿ ಅಡಗುತ್ತದೆ ಎಂದು ನಂಬಿದಿರಲ್ಲ. ನಗಿ, ನಾನೂ ಅವತ್ತು ನಕ್ಕಿದ್ದೆ.

ಆಮೇಲೆ ಅರ್ಚನಾ ಜಾಗ ಬದಲಿಸಿದಳು. "ಇಲ್ಲಿ ಬಿಸ್ಲು ಬೀಳ್ತದ್ಯೇ ಸುಶ್ಮಿ, ಆ ಬದಿಗೆ ಕೂತ್ಕಳ್ತೆ" ಎಂದಳು. ಹೊಸ ಮಾಡಿನ ಕೆಳಗೆ ಎಲ್ಲಿಯ ಬಿಸಿಲು? ಅವಳನ್ನು ನಾನು ದೂರುವುದಿಲ್ಲ. ಅವಳಿಗೂ ಚೊಚ್ಚಲು, ಅವಳಿಗೂ ಹೆದರಿಕೆ. ಗ್ರಹಣದ ದಿನ ಸುಶ್ಮಿತಾ ಮೀನು ಕತ್ತರಿಸಿದ್ದಳು, ಅದಕ್ಕೇ ಹೀಗಾಯಿತು ಎಂದು ಯಾರೋ ಹಬ್ಬಿಸಿದರು. ಗ್ರಹಣದ ದಿನ ನೀವೆಲ್ಲ ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದಿರಿ. ಊರಲ್ಲಿ ಒಂದು ಗಿರಾಕಿ ಇರಲಿಲ್ಲ. ನಾನು ಕತ್ತರಿಸಿ ಯಾರಿಗೆ ಮಾರಬೇಕಿತ್ತು, ಆ ರಾಹುವಿಗೋ?

ನನ್ನ ಗಂಡ ದಿನಕರ ರತ್ನಾಗಿರಿ ಕಡೆಯ ದೋಣಿಯಲ್ಲಿದ್ದಾನೆ. ದಡದ ಹತ್ತಿರ ಬಂದಾಗ ಫೋನು ಮಾಡುತ್ತಾನೆ. ಬಂಗಡೆ ಬಂದಿತ್ತಾ ಎಂದು ಕೇಳುತ್ತಾನೆ, ಬಂದಿತ್ತು ಎನ್ನುತ್ತೇನೆ. ಊಟ ಆತಾ ಎನ್ನುತ್ತಾನೆ, ಆತು ಎನ್ನುತ್ತೇನೆ. ಆಮೇಲೆ ಎಂಜಿನ್ ಸದ್ದು ಮಾತ್ರ. ಒಂದು ದಿನ ನಾನೇ, ಕೂಸು ಇವತ್ತು ಸಮಾ ಒದೀತು ಎಂದೆ. "ನೆಟ್‌ವರ್ಕ್ ಸರಿ ಇಲ್ಲ, ಇಡ್ತೆ" ಎಂದ. ಕೆಟ್ಟವನಲ್ಲ ಅವನು. ತೂಫಾನಿಗೆ ಹೆದರದವನು. ಇದಕ್ಕೆ ಹೆದರಿದ್ದಾನೆ. ನನಗೂ ಹೆದರಿಕೆ ಇದೆ ಎಂದು ಹೇಳಬೇಕಿತ್ತು, ಅಷ್ಟರಲ್ಲಿ ಇಟ್ಟಿದ್ದ.

ಅತ್ತೆಯನ್ನು ಕೇಳಿದೆ, ಹೂ ಮುಡಿಸುವುದು ಯಾವಾಗ ಎಂದು. ಅತ್ತೆ ಬಾಗಿಲ ಕಡೆ ನೋಡುತ್ತಾ, "ಎಂತಕ್ಕೆ ಗಡಿಬಿಡಿ ಮಗಾ? ಹುಟ್ಲಿ, ಹುಷಾರಾಗಿ ಮನಿಗೆ ಬರ್ಲಿ. ಮತ್ತೆ ಎಲ್ಲಾ ಮಾಡ್ವ" ಎಂದರು. ಬಾಡ ಊರಿನ ತವರಿನಲ್ಲಿ ಕೇಳೋಣವೆಂದರೆ ನನ್ನವ್ವ ಇಲ್ಲ. ಹಾಗಾಗಿ ನಾನೇ ಬೆಳಚು ಕೊಂಡು ತಂದೆ, ನಾನೇ ಸುಕ್ಕ ಮಾಡಿದೆ, ನಾನೇ ಬಡಿಸಿಕೊಂಡೆ. ಒಂದು ಮೊಳ ಮಲ್ಲಿಗೆ ತಂದು ಕನ್ನಡಿ ಮುಂದೆ ಮುಡಿದುಕೊಂಡೆ. ಹೊರಗೆ ಅತ್ತೆಯ ಕೆಮ್ಮು ಕೇಳಿತು. ತೆಗೆದು ಹಿತ್ತಲಿಗೆ ಎಸೆದೆ. ಅತ್ತೆ, ಇದು ನಿಮಗೆ ಗೊತ್ತಿರಲಿಲ್ಲ. ಈಗ ಮೂರು ತಾಲೂಕಿಗೇ ಗೊತ್ತಾಯಿತು.

ಸಭಿಕರೇ, ಈಗ ಆ ಪ್ರಶ್ನೆ. ಸನ್ಮಾನ ಇವತ್ತೇ ಏಕೆ? ಏಕೆಂದರೆ ನಾನು ಇವತ್ತು ಮಧ್ಯಾಹ್ನದ ರೈಲಿಗೆ ಆಸ್ಪತ್ರೆಯ ಊರಿಗೆ ಹೊರಟಿದ್ದೇನೆ. ಹೆರುವವರೆಗೆ ಅಲ್ಲೇ ಬಾಡಿಗೆ ಕೋಣೆ. ಬರಿಗೈಯಲ್ಲಿ ಕಳಿಸಲು ನಿಮಗೆ ಮನಸ್ಸಾಗಲಿಲ್ಲ. ಬಯಕೆ ಮಾಡಲು ಧೈರ್ಯ ಸಾಲಲಿಲ್ಲ. ಎರಡರ ನಡುವೆ ಒಂದು ಸನ್ಮಾನ ಹುಡುಕಿದಿರಿ. ಮುಡಿಗೆ ಬರಬೇಕಾದ ಹೂವು ಕೊರಳಿಗೆ ಬಂತು. ಹಾರ ಹಾಕುವಾಗ ಚೌಡಮ್ಮ ನನ್ನ ಕಣ್ಣು ತಪ್ಪಿಸಿದ್ದನ್ನು ನೀವು ನೋಡಲಿಲ್ಲ, ನಾನು ನೋಡಿದೆ. ಮಂತ್ರಿಗಳ ಕಾರಿಗೆ ಅಡ್ಡ ನಿಂತು ನೇರ ದಿಟ್ಟಿಸಿದ ಕಣ್ಣು ಅದು.

ಚೌಡಮ್ಮ, ತಲೆ ತಗ್ಗಿಸಬೇಡಿ. "ಬಯಕೆ ಹಾಕುದು ಬ್ಯಾಡ. ನಾಳೆ ಮಡಿಲು ಬರಿದಾದ್ರೆ ಆ ಹುಡ್ಗಿ ತಡ್ಕಳುದಿಲ್ಲ" ಎಂದು ನೀವು ಹೇಳಿದ್ದನ್ನು ಮಂಜುಗಡ್ಡೆ ಪೆಟ್ಟಿಗೆಯ ಹಿಂದೆ ನಿಂತು ಕೇಳಿದ್ದೇನೆ. ನನ್ನ ಮೇಲಿನ ಪ್ರೀತಿಗೇ ಹೇಳಿದಿರಿ. ಆದರೆ ಚೌಡಮ್ಮ, ತಡ್ಕಳುದನ್ನು ನನಗೆ ಬಿಡಿ. ನಾಳೆ ಆಗಬಹುದಾದ ದುಃಖಕ್ಕೆ ಇವತ್ತಿನಿಂದಲೇ ನನ್ನನ್ನು ಒಬ್ಬಳೇ ಕೂರಿಸಬೇಡಿ. ಅದು ಬದುಕಲಿ, ಬದುಕದಿರಲಿ, ಈಗ ಇದೆ. ನಾನು ಇಲ್ಲಿ ಕೂಗಾಡುತ್ತಿರುವಾಗಲೂ ಒಳಗೆ ತಿರುಗುತ್ತಿದೆ. ಹೃದಯ ಹೇಗೇ ಇರಲಿ, ಬಡಿಯುತ್ತಿದೆ.

ನಾನೀಗ ವೇದಿಕೆ ಇಳಿದು ನಿಮ್ಮ ನಡುವೆಯೇ ಹೋಗಬೇಕು, ಈ ಸಭಾಭವನಕ್ಕೆ ಇರುವುದು ಒಂದೇ ಬಾಗಿಲು. ದಯವಿಟ್ಟು ದಾರಿ ಬಿಡಬೇಡಿ. ನಾನು ಬಂದಾಗೆಲ್ಲ ಸರಿದು ದಾರಿ ಬಿಟ್ಟಿದ್ದೀರಿ, ಸಾಕಾಗಿದೆ. ಅಡ್ಡ ನಿಲ್ಲಿ. ಬಸುರಿ ಎದುರಾದರೆ ನಮ್ಮ ಹೆಂಗಸರು ಬಾಯಿ ತೆರೆದು ಕೇಳುವುದನ್ನೇ ಕೇಳಿ. ಎಷ್ಟು ತಿಂಗಳಾತು ತಂಗಿ, ದಿನ ಯಾವಾಗ, ಯಾರ ಹಂಗೆ ಇರಬಹುದು. ಸ್ಕ್ಯಾನ್ ಆದ ಮೇಲೆ ಡಾಕ್ಟರರ ಹೊರತು ಒಬ್ಬರೂ ನನ್ನನ್ನು ಇದನ್ನು ಕೇಳಿಲ್ಲ. ರೈಲು ತಪ್ಪಿದರೆ ತಪ್ಪಲಿ, ಸಂಜೆಗೆ ಬಸ್ಸಿದೆ. ಒಬ್ಬೊಬ್ಬರಿಗೂ ನಿಂತು ಉತ್ತರ ಹೇಳಿಯೇ ಹೋಗುತ್ತೇನೆ.

ಕರೆದವರಿಗೆ, ಕೂತು ಕೇಳಿದವರಿಗೆ, ಅಳುತ್ತಿರುವುದನ್ನು ಅಡಗಿಸುತ್ತಿರುವ ನನ್ನತ್ತೆಗೆ ಧನ್ಯವಾದ. ಇಳಿಯುತ್ತಿದ್ದೇನೆ. ನಮಸ್ಕಾರ.