ತಿರುಗಿ ನೋಡಿದವನ ಮುಖ ಒರೆಸಿದ ಸಂಗತಿ

ಹೆಸರು ಜಲಜಮ್ಮ, ವಯಸ್ಸು ನಲವತ್ತೊಂದು, ಕಸುಬು ಬೇಸಾಯ ಮತ್ತು ಮನೆಗೆಲಸ, ವಾಸ ತೀರ್ಥಹಳ್ಳಿ ತಾಲ್ಲೂಕು ಹೊಸಗದ್ದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಹೂವಯ್ಯ ಎಂದು ದಫೇದಾರರೇ ಬರೆದುಕೊಂಡಿರುತ್ತಾರೆ. ಈ ದಿವಸ ಠಾಣೆಯಲ್ಲಿ ಕೇಳಲಾಗಿ ನಾನು ಹೇಳಿ ಬರೆಸುವುದೇನೆಂದರೆ:

ನಮಗಿದ್ದವಳು ಒಬ್ಬಳೇ ಮಗಳು, ಮೂಕಾಂಬಿಕಾ. ಕಳೆದ ಕಾರ್ತಿಕದಲ್ಲಿ ಹುಲ್ಲು ಕೊಯ್ಯುವಾಗ ಹಾವು ಕಚ್ಚಿ, ಆಸ್ಪತ್ರೆ ದಾರಿಯಲ್ಲೇ ತೀರಿಕೊಂಡಳು. ವಯಸ್ಸು ಹದಿನೇಳು. ಅವಳದೊಂದು ಫೋಟೊ ಇರಲಿಲ್ಲ. ಗಂಡಿನ ಕಡೆಯವರು ಕೇಳಿದಾಗ ತೆಗೆಸಿದರಾಯಿತು ಎಂದು ನನ್ನ ಗಂಡ ಹೇಳುತ್ತಿದ್ದರು. ಅವಳನ್ನು ಸುಟ್ಟ ದಿನ ಇವರು ಮಡಕೆ ಒಡೆದು, ನೋಡಬಾರದು ಎಂದು ಎಲ್ಲರೂ ಹೇಳಿದ್ದರೂ ಚಿತೆಯ ಕಡೆ ತಿರುಗಿ ನೋಡಿದರು. ಪಕ್ಕದ ಮನೆಯ ತಿಮ್ಮಣ್ಣ ಕತ್ತು ಹಿಡಿದು ಮುಂದಕ್ಕೆ ತಳ್ಳಬೇಕಾಯಿತು. ಆವತ್ತಿನಿಂದ ಇವರು ಸರಿಯಾಗಿ ನಿದ್ದೆ ಮಾಡಿಲ್ಲ.

ಪಟ್ಟಣದ ಡ್ರಾಯಿಂಗ್ ಮೇಷ್ಟ್ರು ಉಮಾಪತಿಯವರು ನನ್ನ ಮಗಳಿಗೆ ಪಾಠ ಹೇಳಿದ್ದವರು. ಎರಡು ತಿಂಗಳ ಹಿಂದೆ ಸಂತೆಯಲ್ಲಿ ಸಿಕ್ಕಿ, ಅವಳ ಮುಖವಿಟ್ಟು ಒಂದು ಚಿತ್ರ ಬರೆಯುತ್ತಿರುವುದಾಗಿಯೂ, ನಾನು ಬಂದು ತಪ್ಪಿದ್ದರೆ ತಿದ್ದಬೇಕೆಂದೂ ಹೇಳಿದರು. ಹೋದೆ. ಚಿತ್ರ ಬಾಗಿಲಿನಷ್ಟು ಎತ್ತರ. ಹಗಲೂ ಅಲ್ಲದ ರಾತ್ರಿಯೂ ಅಲ್ಲದ ಒಂದು ನೀಲಿ. ನೆಲವಿಲ್ಲ, ಮುಚ್ಚಿಕೊಂಡ ಬಿಳಿ ಹೂಗಳು ಮಾತ್ರ. ಮೇಲೆ ತಂತಿವಾದ್ಯ ಹಿಡಿದ ಗಂಡಸೊಬ್ಬ ಕತ್ತು ಹಿಂದಕ್ಕೆ ತಿರುಗಿಸಿದ್ದಾನೆ. ಅವನ ಕೆಳಗೆ ಕತ್ತಲೆಗೆ ಇಳಿಯುತ್ತಿರುವವಳು ನನ್ನ ಮಗಳು. ದೀಪ ಎಲ್ಲೂ ಇಲ್ಲ, ಇದ್ದ ಬೆಳಕೆಲ್ಲ ಅವಳ ಮುಖದ್ದು. ಗಲ್ಲದ ಮಚ್ಚೆ ಬಿಟ್ಟುಹೋಗಿದೆ ಎಂದು ನಾನೇ ಹೇಳಿ ಹಾಕಿಸಿದೆ.

ಗ್ರೀಕರ ಪುರಾಣದಲ್ಲಿ ಯೂರಿಡಿಸಿ ಎಂಬವಳು ಹಾವು ಕಚ್ಚಿ ಸತ್ತಳೆಂದೂ, ಗಂಡ ಯಮಲೋಕಕ್ಕೆ ಹೋಗಿ ಹಾಡಿ ಬಿಡಿಸಿಕೊಂಡು ಬರುವಾಗ, ಹಿಂದಕ್ಕೆ ನೋಡಬಾರದೆಂದಿದ್ದರೂ ನೋಡಿದ್ದಕ್ಕೆ ಅವಳು ವಾಪಸ್ಸು ಹೋದಳೆಂದೂ ಮೇಷ್ಟ್ರು ಹೇಳಿದರು. ಇದು ಕಂಡದ್ದನ್ನು ಕಂಡ ಹಾಗೆ ಬರೆದದ್ದಲ್ಲ, ಎಲ್ಲವೂ ಸಂಕೇತ ಎಂದರು. ಸಂಕೇತ ಕಟ್ಟಿಕೊಂಡು ನನಗೇನಾಗಬೇಕು? ನನಗೆ ಅದು ಮಗಳ ಮುಖ, ಅಷ್ಟೆ. ಆಮೇಲೆ ಪ್ರತಿ ಸಂತೆಗೂ ಹೋಗಿ ನೋಡಿ ಬರುತ್ತಿದ್ದೆ.

ಚಿತ್ರ ಸಾಗರದ ಪ್ರದರ್ಶನಕ್ಕೆ ಹೋಗುತ್ತದೆಂದು ತಿಳಿದು, ಅಷ್ಟರೊಳಗೆ ಒಮ್ಮೆ ನೋಡಲಿ ಎಂದು ಕಳೆದ ವಾರ ಗಂಡನನ್ನೂ ಕರೆದುಕೊಂಡು ಹೋದೆ. ಕಥೆ ಕೇಳಿದ ಮೇಲೆ ಇವರು ಮಗಳನ್ನು ನೋಡಲೇ ಇಲ್ಲ, ಆ ಗಂಡಸನ್ನೇ ನೋಡುತ್ತ ನಿಂತರು. ಅವನ ಮುಖವನ್ನು ಮುಂದಕ್ಕೆ ತಿರುಗಿಸಿ ಬರೆಯಿರಿ ಎಂದು ಮೇಷ್ಟ್ರ ಕಾಲು ಹಿಡಿದರು. ತಿರುಗಿ ನೋಡದಿದ್ದರೆ ಅದು ಆ ಕಥೆಯೇ ಅಲ್ಲ, ಬಣ್ಣ ಇನ್ನೂ ಹಸಿ ಇದೆ, ಮುಟ್ಟಬೇಡಿ ಎಂದು ಮೇಷ್ಟ್ರು ಹೇಳಿದರು.

ನಿನ್ನೆ ಸೋಮವಾರ ಮಧ್ಯಾಹ್ನ ಸುಮಾರು ಮೂರು ಗಂಟೆಗೆ ಮತ್ತೆ ಹೋದೆವು. ಮೇಷ್ಟ್ರು ಚಿತ್ರಕ್ಕೆ ಪೆಟ್ಟಿಗೆ ಮಾಡಿಸಲು ಆಚಾರಿ ಮನೆಗೆ ಹೋಗಿದ್ದರು. ಅವರ ಹೆಂಡತಿ ಮೀನಾಕ್ಷಮ್ಮನವರು ಬೆಲ್ಲ ನೀರು ಕೊಟ್ಟರು. ನಾವಿಬ್ಬರು ಹೆಂಗಸರು ಒಳಗೆ ಮಾತಾಡುತ್ತಿರುವಾಗ ಚಿಮಣಿ ಎಣ್ಣೆಯ ವಾಸನೆ ಬಂತು. ಓಡಿ ಹೋಗಿ ನೋಡಲಾಗಿ, ಇವರು ಸ್ಟೂಲಿನ ಮೇಲೆ ನಿಂತು, ಸಂತೆಯಿಂದ ತಂದ ಬಾಟಲಿಯ ಎಣ್ಣೆಯಲ್ಲಿ ಟವೆಲು ಅದ್ದಿ ಆ ಗಂಡಸಿನ ಮುಖವನ್ನು ಒರೆಸಿ ಮುಗಿಸಿದ್ದರು.

"ಅಯ್ಯೋ ಶಿವನೇ, ಎಂತ ಮಾಡಿದ್ರಿ ನೀವು!" ಎಂದೆ.

"ಅವ್ನು ಇನ್ನು ತಿರುಗಿ ನೋಡಲ್ಲ ಕಣೆ," ಎಂದರು. ನಗುತ್ತಿದ್ದರು. "ಇನ್ನು ಅವಳು ಬರ್ತಾಳೆ ಬಿಡು."

ಮೇಲಿನ ಎಣ್ಣೆ ಅಷ್ಟರಲ್ಲಿ ಕೆಳಗೆ ಇಳಿಯುತ್ತಿತ್ತು. ಅವಳ ಹಣೆಯ ಮೇಲೆ ಬಂದದ್ದನ್ನು ಕಂಡು ಇವರು ಗಾಬರಿಯಿಂದ ಅದೇ ಟವೆಲಿನಲ್ಲಿ ಒರೆಸಿದರು. ಒರೆಸಿದಷ್ಟೂ ಮುಖ ಹೋಯಿತು. ನಾನು ಕೈ ಹಿಡಿಯುವುದರೊಳಗೆ ಟವೆಲಿನ ಗುರುತು ಮಾತ್ರ ಉಳಿದಿತ್ತು. ದಫೇದಾರರು ಅಳುವುದನ್ನು ಬರೆಯಲು ಬರುವುದಿಲ್ಲ ಎಂದಿದ್ದರಿಂದ ಮುಂದಿನದನ್ನು ಬಿಟ್ಟಿರುತ್ತೇನೆ.

ದೂರು ಕೊಟ್ಟ ಮೇಷ್ಟ್ರು ಈಗ ಠಾಣೆಯ ಜಗಲಿಯಲ್ಲೇ ಕುಳಿತಿದ್ದಾರೆ. ಇನ್ನೊಂದು ಬರೆದುಕೊಡಿ ಎಂದು ಕೇಳಿಕೊಂಡೆ. ಕಣ್ಣು ಮುಚ್ಚಿದರೆ ಒರೆಸಿದ ಮುಖವೇ ಬರುತ್ತದೆ, ತಮ್ಮಿಂದ ಆಗುವುದಿಲ್ಲ ಎಂದರು. ನನ್ನ ಗಂಡನ ಮೇಲೆ ಕೇಸು ಹಾಕುವುದೋ ಬಿಡುವುದೋ ನಿಮಗೆ ಸೇರಿದ್ದು. ಇವರನ್ನು ಹಾಳಾಗಿ ಹೋಗಲಿ ಎನ್ನಬೇಕೆಂದೇ ಬಂದಿದ್ದೆ, ಬಾಯಿ ಬರಲಿಲ್ಲ. ಬೆಳಿಗ್ಗೆ ಗಂಜಿ ಕೊಡಲು ಹೋದಾಗ ಲಾಕಪ್ಪಿನ ಸರಳು ಹಿಡಿದುಕೊಂಡು, "ಮಚ್ಚೆ ಬಲಗಲ್ಲದಲ್ಲಿತ್ತಲ್ಲ ಕಣೆ?" ಎಂದು ಕೇಳಿದರು. ಎಡಗಲ್ಲ ಎಂದೆ. ಅಲ್ಲ, ಬಲ ಎಂದರು. ನನಗೆ ಗೊತ್ತು ಎಂದು ರೇಗಿದೆ. ಆಮೇಲೆ ಈ ಹೇಳಿಕೆ ಕೊಡಲು ಠಾಣೆಯ ಮೆಟ್ಟಿಲು ಹತ್ತುವಾಗ ಮತ್ತೆ ನೆನಪು ಮಾಡಿಕೊಂಡೆ. ಈಗ ನನಗೂ ಗೊತ್ತಿಲ್ಲ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆ. ಮಚ್ಚೆಯ ವಿಷಯವೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಜವೆಂದು ಒಪ್ಪಿ ರುಜು ಮಾಡಿರುತ್ತೇನೆ.

ತೀರ್ಥಹಳ್ಳಿ
15-5-1979
(ರುಜು) ಜಲಜಮ್ಮ