ಸುರುಳಿ ಬಿಡದ ಹಳದಿ ನೂಲು

ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ರೋಣದ ಬಸ್ಸಿಗೆ ಕಾದು ಕೂತಿದ್ದ ನಾಗರತ್ನಾಳ ಕಾಲಿಗೆ ಹಳದಿ ಉಲನ್ ಉಂಡೆಯೊಂದು ಉರುಳಿ ಬಂದು ತಾಗಿತು. ಎತ್ತಿ ಕೊಡಲು ತಿರುಗಿದರೆ, ಪಕ್ಕದಲ್ಲಿ ತುಂಬು ಬಸುರಿಯೊಬ್ಬಳು ಹುಟ್ಟುವ ಕೂಸಿಗೆಂದು ಹಸಿರು-ಹಳದಿಯ ಹೊದಿಕೆ ಹೆಣೆಯುತ್ತಿದ್ದಳು. ಕೈಚಾಚಿ ಉಂಡೆ ಇಸಿದುಕೊಂಡವಳು ಅವಳ ಅತ್ತೆ.

“ಭಾರತಿ, ಹಸಿರು ನೂಲು ನೆಟ್ಟಗ ಐತಿ. ಈ ಹಳದಿ ಯಾಕ ಹಿಂಗ ಸುರುಳಿ ಸುರುಳಿ?”

“ಬಿಚ್ಚಿದ ನೂಲ್ರಿ ಅತ್ತಿ. ಎಷ್ಟ ತೊಳದ್ರೂ ಸುರುಳಿ ಬಿಡವಲ್ದು.”

“ಯಾವುದನ್ನ ಬಿಚ್ಚಿದಿ?”

ಸೊಸೆಯ ಸೂಜಿ ನಿಲ್ಲಲಿಲ್ಲ.

“ಹೋದ ವರ್ಷದ ಹೊದಿಕಿನ್ರಿ.”

“ಅದನ್ನ ಆ ಕೂಸಿಗೆ ಸುತ್ತೇ ಮಣ್ಣಾಗ ಇಟ್ಟು ಬಂದ್ವಿ. ನಾನ ಕೈಯಾರೆ ಸುತ್ತೀನಿ.”

“ನೀವು ಸುತ್ತಿದ್ದು ಅರ್ಧ ಇತ್ರಿ. ಉಳಿದರ್ಧ ನಾ ಕತ್ತರಿಸಿ ಇಟ್ಕೊಂಡಿದ್ನಿ.”

ಉಂಡೆ ಮುಟ್ಟಿದ್ದ ಬೆರಳುಗಳನ್ನು ನಾಗರತ್ನಾ ಮೆಲ್ಲಗೆ ಮಡಚಿಕೊಂಡಳು.

“ಹುಚ್ಚಿ! ಹುಟ್ಟೂ ಕೂಸಿಗೆ ಅದನ್ನ ಹೊಚ್ಚತೀ ಏನ?”

“ಹುಟ್ಟಿದ ಕೂಸಿಗೆ ಮೊದ್ಲ ಹಳೇ ಅರಿವಿ-ಬಟ್ಟೀನ ಸುತ್ತಬೇಕು, ಮನ್ಯಾಗಿನ ದೊಡ್ಡ ಹುಡುಗರದ್ದು, ಅಂತ ನೀವ ಹೇಳಿದ್ರಲ್ರಿ. ನಮ್ಮನ್ಯಾಗ ದೊಡ್ಡಾಕಿ ಅಂದ್ರ ಆಕೀನ ಹೌದಿಲ್ರಿ?”

ಅಷ್ಟರಲ್ಲಿ ಇಟಗಿಯ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಭಾರತಿ ಹೆಣಿಗೆಯನ್ನು ಎದೆಗವುಚಿಕೊಂಡು ಎದ್ದಳು. ಅದರ ನೂಲು ಇನ್ನೂ ಅತ್ತೆಯ ಮುಷ್ಟಿಯೊಳಗಿಂದಲೇ ಬರುತ್ತಿತ್ತು.

“ಉಂಡಿ ಕೊಡ್ರಿ ಅತ್ತಿ.”

ಅತ್ತೆ ಕೊಡಲಿಲ್ಲ. ಸೆರಗು ಹೊಚ್ಚಿ ಅದನ್ನು ಎದೆಗೆ ಒತ್ತಿಕೊಂಡಳು.

“ನೀ ಸಾವಕಾಶ ಹತ್ತು. ಆಕಿನ್ನ ನಾ ಎತ್ಕೊಂಡೀನಿ.”