ಬಾಗಿಲ ಮೇಲಿನ ಚೀಟಿ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಹೊಲಿಗೆ ಕೆಲಸದ ಮಧ್ಯೆಯೇ ಎದ್ದು ಬಂದಿರಬೇಕು, ಆಕೆಯ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು.

“ಕಾಲುಚೀಲ ಎಲ್ಲಿ ಅಂತ ಕೇಳಿದ್ದು ಅಷ್ಟು ದೊಡ್ಡ ತಪ್ಪಾ?” ಎಂದ ಗಂಡ.

“ಪರೀಕ್ಷೆ ಬರೀತಾ ಕೂತಿದ್ದೆ ಕಣ್ರೀ! ಹನ್ನೆರಡರ ತನಕ ಯಾರೂ ಒಳಗೆ ಬರಬೇಡಿ ಅಂತ ಬಾಗಿಲ ಮೇಲೆ ಚೀಟಿ ಅಂಟಿಸಿರಲಿಲ್ವಾ?”

“ಅದು ಮಕ್ಕಳಿಗೆ ಅಂದ್ಕೊಂಡೆ.”

“ಕೋಣೇಲಿ ಇನ್ನೊಬ್ಬರಿದ್ದಾರೆ ಅಂತ ಕ್ಯಾಮೆರಾ ಹಿಡಿದುಬಿಡ್ತು. ಪೇಪರ್ ರದ್ದು. ಮೂರು ವರ್ಷ ಓದಿದ ಡಿಗ್ರಿಗೆ ಅದೊಂದೇ ಬಾಕಿ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ರಿ.”

“ಆನ್‌ಲೈನ್ ತಾನೇ, ಮನೇಲೇ ಕೂತು ಇನ್ನೊಂದ್ಸಲ ಬರೆದರಾಯ್ತು.”

“ಮನೇಲಿ ಅಂದ್ರೆ ಅಷ್ಟು ಸದರವಾ? ಕಾಲೇಜಿನ ಫೀಸು ಕಟ್ಟೋಕಾಗದೆ ತಾನೇ ಈ ಆನ್‌ಲೈನ್ ಡಿಗ್ರಿ ಹಿಡಿದಿದ್ದು? ಮಿಷನ್ ತುಳೀತಾ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಪಾಠ ಕೇಳಿದೀನಿ. ನೀವು ಅದನ್ನ ಹಾಡು ಅಂದ್ಕೊಂಡಿದ್ರಿ!”

“ಮೆಲ್ಲಗೆ ಮಾತಾಡೇ, ಜನ ನೋಡ್ತಿದಾರೆ.”

“ನೋಡ್ಲಿ. ಅವತ್ತು ಕ್ಯಾಮೆರಾ ನೋಡ್ತು, ಇವತ್ತು ಜನ ನೋಡ್ಲಿ.”

ಅಂಗಡಿಯವನು ಪ್ರಿಂಟ್ ತೆಗೆದ ಹಾಳೆಯನ್ನು ಚಾಚಿದ. ಗಂಡ ಇಸಿದುಕೊಂಡ.

“ಇದೇನು?”

“ಯೂನಿವರ್ಸಿಟಿಯವರು ಕಾರಣ ಕೇಳಿದಾರೆ, ಮೊಬೈಲಲ್ಲೇ ಫಾರಂ ತುಂಬಿಸಿದೆ. ಒಪ್ಪಿದ್ರೆ ಮತ್ತೆ ಬರೆಯೋಕೆ ಬಿಡ್ತಾರಂತೆ.”

ಅವನು ಬೆರಳಿಟ್ಟು ಓದಿದ. “‘ಒಳಗೆ ಬಂದವರಿಗೂ ನಿಮಗೂ ಏನು ಸಂಬಂಧ?’ ಎಲ್ಲಾ ತುಂಬಿಸಿದೀಯ, ಇದೊಂದು ಖಾಲಿ ಬಿಟ್ಟಿದೀಯಲ್ಲೇ?”

“ಅದನ್ನೇ ಯೋಚಿಸ್ತಿದೀನಿ.”

ಹಾಳೆಯನ್ನು ಕಿತ್ತುಕೊಂಡು ಆಕೆ ಮೆಟ್ಟಿಲಿಳಿದು ನಡೆದಳು. ಅವನು ಹಿಂದೆಯೇ ಓಡಿದ.